ಗೋಡೆಯಾದ ಬಾಗಿಲಿಗೆ ಅಂಟಿಸಿದ ಸಮನ್ಸು

ಕರಿ ಕೋಟಿನವನೊಬ್ಬ ಟೇಪು ಹಿಡಿದು ನಮ್ಮ ಅಡುಗೆಮನೆಗೆ ನುಗ್ಗಿದಾಗ ನಾನು ನೆಲದ ಮೇಲೆ ಕುಳಿತು ಅವರೆಕಾಳು ಹಿದುಕುತ್ತಿದ್ದೆ. ಗ್ಯಾಸಿನ ಪೈಪು ಹಾಕುವವರ ಕಡೆಯವನಿರಬೇಕು ಅಂದುಕೊಂಡೆ. ನಮ್ಮ ವಿಜಯನಗರದ ಬೀದಿಗಳನ್ನು ಅವರು ಅಗೆಯುತ್ತಲೇ ಇರುತ್ತಾರೆ. ಆಮೇಲೆ ಅವನ ಕೊರಳಿನ ಬಿಳಿ ಪಟ್ಟಿ ಕಾಣಿಸಿತು.

"ಯಾರಪ್ಪಾ ನೀನು? ಚಪ್ಪಲಿ ಹಾಕ್ಕೊಂಡು ಅಡುಗೆಮನೆಗೆ ಬರ್ತಿದೀಯಲ್ಲ?"

"ಕೋರ್ಟ್ ಕಮಿಷನರ್ ಅಮ್ಮ. ಮನೆ ಅಳತೆ ಮಾಡ್ಬೇಕು. ಆರ್ಡರ್ ಇದೆ."

"ಯಾರ ಮನೆ?"

ಅವನು ಹಿಂದಕ್ಕೆ ತಿರುಗಿ ನೋಡಿದ. ಗೇಟಿನ ಹತ್ತಿರ ನನ್ನ ಮೈದುನ ನಿಂತಿದ್ದ. ನನ್ನ ಯಜಮಾನರ ತಮ್ಮ, ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿ ಇರುವವನು. ನಾನು ಮದುವೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಅವನ ತಲೆಗೆ ಎಣ್ಣೆ ಹಚ್ಚಿ ಬಾಚಿದವಳು ನಾನು. ಅವತ್ತು ಒಳಗೆ ಬರುವ ಧೈರ್ಯವಿಲ್ಲದೆ ಗೇಟು ಹಿಡಿದುಕೊಂಡೇ ಮಾತಾಡಿದ.

"ಅತ್ತಿಗೆ, ಸುಮ್ನೆ ಗಲಾಟೆ ಬೇಡ. ಕೇಸ್ ಮುಗಿದೋಗಿದೆ. ಅರ್ಧ ಮನೆ ನಂದು ಅಂತ ಡಿಕ್ರಿ ಆಗಿದೆ."

"ನನ್ನನ್ನ ಒಂದ್ ಮಾತು ಕೇಳದೆ ಹೆಂಗೆ ಮುಗೀತು?"

"ನಿಮಗೆ ಸಮನ್ಸ್ ಬಂದಿತ್ತಲ್ಲ. ತಗೊಳ್ಳಲ್ಲ ಅಂದ್ರಂತೆ. ಬಾಗಿಲಿಗೆ ಅಂಟ್ಸಿ ಹೋಗಿದಾರೆ. ಆಮೇಲೂ ನೀವು ಬರ್ಲಿಲ್ಲ. ಕೋರ್ಟ್ ಏನ್ ಮಾಡುತ್ತೆ?"

ನನ್ನ ಸೊಸೆ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಯಾವ್ ಬಾಗಿಲಿಗೆ ಚಿಕ್ಕಮಾವ?" ಅಂದಳು.

ಮೈದುನ ಟೇಪಿನವನಿಗೆ ಕೈಸನ್ನೆ ಮಾಡಿದ, ಬೇಗ ಮುಗಿಸು ಅಂತ.

ಅಳತೆ ತಡೆದರೆ ಇನ್ನೊಂದು ಕೇಸಾಗುತ್ತದೆ ಎಂದು ಕಮಿಷನರು ಹೆದರಿಸಿದ. "ಅಳೆ. ಆದ್ರೆ ಚಪ್ಪಲಿ ಬಿಚ್ಚಿ ಅಳೆ," ಅಂದೆ. ಬಿಚ್ಚಿದ. ಈ ಗೋಡೆಯಿಂದ ಆ ಗೋಡೆಗೆ ಟೇಪು ಎಳೆದು ನಡುವೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಒಲೆ ಮೈದುನನ ಪಾಲಿಗೆ ಬಿತ್ತು, ಪಾತ್ರೆ ತೊಳೆಯುವ ಸಿಂಕು ನನ್ನ ಪಾಲಿಗೆ. ನನ್ನ ಮುಂದಿದ್ದ ಅವರೆಕಾಳಿನ ಬೋಗುಣಿ ಸರಿಯಾಗಿ ಗುರುತಿನ ಮೇಲಿತ್ತು. ನಾನು ಅದನ್ನು ಸರಿಸಲಿಲ್ಲ. ಅವನೇ ಅದರ ಸುತ್ತ ಬಳಸಿಕೊಂಡು ಹೋದ.

ಬಾಗಿಲಿನ ವಿಷಯ ಇಲ್ಲಿ ಹೇಳಲೇಬೇಕು.

ನಮ್ಮದು ಮೂಲೆ ಮನೆ. ಕಟ್ಟಿದಾಗ ಮುಂಬಾಗಿಲು ದಕ್ಷಿಣಕ್ಕಿತ್ತು, ದೊಡ್ಡ ಕ್ರಾಸಿನ ಕಡೆಗೆ. ಯಜಮಾನರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ವರ್ಷ ಇದೇ ಮೈದುನ ವಾಸ್ತು ನೋಡುವವನೊಬ್ಬನನ್ನು ಕರೆತಂದ. "ಅತ್ತಿಗೆ, ದಕ್ಷಿಣದ ಬಾಗಿಲು ಅಂದ್ರೆ ಯಮನಿಗೆ ಕೈಬೀಸಿ ಕರೆದಂಗೆ. ಮುಚ್ಚಿಸ್ಬಿಡಿ," ಅಂತ ದಿನವೂ ಫೋನು ಮಾಡಿದ. ನನಗೆ ನಂಬಿಕೆ ಇರಲಿಲ್ಲ. ಮಲಗಿದ ಗಂಡಸು ಹೂಂ ಅಂದಮೇಲೆ ನಾನೇನು ಹೇಳುವುದು? ಪೂರ್ವದ ಗಲ್ಲಿಯ ಕಡೆ ಗೋಡೆ ಒಡೆದು ಹೊಸ ಬಾಗಿಲು ಇಟ್ಟೆವು. ಹಳೆಯದನ್ನು ಕಿತ್ತು ಹಾಕೋಣವೆಂದರೆ, ಪೂಜೆ ಮಾಡಿ ಕೂರಿಸಿದ ಹೊಸ್ತಿಲು ಕೀಳಬಾರದು ಎಂದು ವಾಸ್ತುವಿನವನೇ ತಡೆದ. ಹಾಗಾಗಿ ಹೊರಗಿನಿಂದ ನೋಡಿದರೆ ಬಾಗಿಲು ಹಾಗೇ ಇದೆ. ಒಳಗಿನಿಂದ ಮೊಳೆ ಹೊಡೆದು, ಇಟ್ಟಿಗೆ ಕಟ್ಟಿ, ಗಾರೆ ಮೆತ್ತಿದ್ದೇವೆ. ಆ ಗೋಡೆಗೆ ಒರಗಿಸಿ ಬೀರು ನಿಲ್ಲಿಸಿದ್ದೇವೆ. ಮನೆ ನಂಬರಿನ ತಗಡು ಮಾತ್ರ ಹಳೆಯ ಬಾಗಿಲಿನ ಮೇಲೇ ಉಳಿಯಿತು. ಕೀಳಲು ಹೋದರೆ ಮರ ಸೀಳುತ್ತಿತ್ತು.

ಇಷ್ಟೆಲ್ಲ ಮಾಡಿದ ಮೇಲೂ ಯಜಮಾನರು ಹೆಚ್ಚು ಕಾಲ ಉಳಿಯಲಿಲ್ಲ. ಯಮನಿಗೆ ಪೂರ್ವದ ಬಾಗಿಲೂ ಸಿಕ್ಕಿತು.

ಹಾಲು, ಗ್ಯಾಸು, ಅಂಚೆ, ಮತ ಕೇಳುವವರು, ದೇವಸ್ಥಾನದ ಚಂದಾದವರು ಎಲ್ಲ ಪೂರ್ವದಿಂದಲೇ ಬರುತ್ತಾರೆ. ಹಳೆಯ ಬಾಗಿಲಿನ ಮುಂದೆ ಇಸ್ತ್ರಿ ಗಾಡಿಯವಳು ನಿಂತಿರುತ್ತಾಳೆ. ಬಾಗಿಲಿನ ತುಂಬ ಪೋಸ್ಟರು: ಲೇಡೀಸ್ ಪಿಜಿ, ಸ್ಪೋಕನ್ ಇಂಗ್ಲಿಷು, ಕೂದಲು ಉದುರುವುದಕ್ಕೆ ಎಣ್ಣೆ. ಕಮಿಷನರು ಹೋದ ಮೇಲೆ ಸೊಸೆ ಆ ಕಡೆಗೆ ಓಡಿ ನೋಡಿ ಬಂದಳು. ಪಿಜಿಯವರ ಚೀಟಿಯ ಕೆಳಗೆ ಬೇರೊಂದು ಕಾಗದದ ಅಂಚು ಮಾತ್ರ ಉಳಿದಿತ್ತಂತೆ, ಮಳೆಗೆ ನೆಂದು ಒಣಗಿದ್ದು. ಮೊಹರಿನ ಅರ್ಧ ಕಾಣುತ್ತಿತ್ತಂತೆ.

ಇಸ್ತ್ರಿಯವಳನ್ನು ಕೇಳಿದೆ.

"ಯಾರ್ಯಾರೋ ಬಂದು ಅಂಟಿಸ್ತಾರೆ ಅಮ್ಮ. ಎಲ್ಲರನ್ನೂ ಬೈತೀನಿ. ಆವತ್ತೊಬ್ಬ ಬ್ಯಾಗ್ ಹಾಕ್ಕೊಂಡು ಬಂದು ಬಾಗಿಲು ಬಡ್ದ. ಬೇಡ ಹೋಗಪ್ಪ, ಇಲ್ಲಿ ಏನೂ ಬೇಡ ಅಂದೆ. ಆದ್ರೂ ಮೆತ್ತಿ ಹೋದ."

"ಬೇಡ ಅಂದವಳು ನೀನಾ?"

"ನಾನೇ. ದಿನಾ ನಾನೇ ಅನ್ನೋದು."

"ಬಂದು ಕೋರ್ಟಲ್ಲಿ ಹೇಳ್ತೀಯೇನೇ?"

"ಅಯ್ಯೋ, ಗಾಡಿ ಯಾರು ನೋಡ್ಕೋತಾರೆ? ಕೋರ್ಟೂ ಬೇಡ ಕಚೇರಿನೂ ಬೇಡ ಅಮ್ಮ. ನೀವು ಬೇಕಾದ್ರೆ ಹೇಳ್ಕೊಳ್ಳಿ."

ಆ ರಾತ್ರಿ ಊಟಕ್ಕೆ ಕುಳಿತಾಗ ನನ್ನ ಮಗ ತಟ್ಟೆಯಲ್ಲೇ ಕಣ್ಣಿಟ್ಟುಕೊಂಡು ಮಾತು ತೆಗೆದ. ಅವನು ಪೀಣ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅವರಪ್ಪ ಹೋದಮೇಲೆ ಮನೆಯಲ್ಲಿ ಅವನಿಗೂ ಹಕ್ಕಿದೆ, ಹಾಗಾಗಿ ಕೇಸು ಅವನ ಮೇಲೂ ಇತ್ತು, ಅವನ ಕಾಗದವೂ ಅದೇ ಬಾಗಿಲಿಗೆ ಹೋಗಿತ್ತು.

"ಅಮ್ಮ, ಚಿಕ್ಕಪ್ಪನ್ ಹತ್ರ ಕೂತು ಮಾತಾಡಿ ಮುಗಿಸೋಣ. ಮಹಡಿ ಬಿಟ್ಟುಕೊಟ್ರೆ ಸುಮ್ನಾಗ್ತಾರೇನೋ."

"ಯಾಕೆ ಬಿಟ್ಟುಕೊಡ್ಬೇಕು? ಕೆಂಗೇರಿ ಕಡೆ ಜಮೀನು ಅವನಿಗೆ, ಈ ಮನೆ ನಿಮ್ಮಪ್ಪನಿಗೆ ಅಂತ ನಿಮ್ಮ ತಾತ ಹಿರಿಯರನ್ನ ಕೂರಿಸ್ಕೊಂಡು ಹೇಳಿದ್ದು. ಆ ಜಮೀನು ಮಾರಿ ಅವನು ಅಪಾರ್ಟ್‌ಮೆಂಟ್ ತಗೊಂಡ. ನಾವೇನಾದ್ರೂ ಅರ್ಧ ಕೇಳಿದ್ವಾ?"

"ಅದೆಲ್ಲ ಬಾಯಿ ಮಾತು ಅಮ್ಮ."

"ಬಾಯಿ ಮಾತೇ ಆಗ್ಲಿ. ಆ ಬಾಯಿ ನನಗೂ ಇದೆಯಲ್ಲ. ನಾನು ಮಾತಾಡೋಕೆ ಮುಂಚೆ ಕೇಸ್ ಮುಗಿಯೋದು ಹೆಂಗೆ?"

ಸೋಲುವುದಾದರೆ ಸೋಲೋಣ, ಆದರೆ ನನ್ನ ಮಾತು ಕೇಳಿಸಿಕೊಂಡು ಸೋಲಿಸಲಿ. ನಾನು ಕೇಳಿದ್ದು ಇಷ್ಟೇ. ಮಗನಿಗೆ ಇದು ಹಟದಂತೆ ಕಂಡಿತು. ಹಟವೇ ಅಂತ ಇಟ್ಟುಕೊಳ್ಳಲಿ.

ಬೀದಿಯಲ್ಲಿ ಬುದ್ಧಿ ಹೇಳುವವರಿಗೆ ಬರವಿಲ್ಲ. ಎದುರು ಮನೆಯಾಕೆ, "ಆಂಟಿ, ಕೋರ್ಟ್ ಕಾಗದ ಮುಟ್ಲೇಬಾರದು, ಮುಟ್ಟದೇ ಇದ್ರೆ ಯಾರೂ ಏನೂ ಮಾಡೋಕಾಗಲ್ಲ," ಅಂದಳು. ಅವಳ ಗಂಡ ಚೀಟಿ ವ್ಯವಹಾರದಲ್ಲಿ ಸಿಕ್ಕಿಕೊಂಡಾಗ ಅಮೀನ ಬಂದರೆ ಮಹಡಿಯ ನೀರಿನ ಟ್ಯಾಂಕಿನ ಹಿಂದೆ ಕೂರುತ್ತಿದ್ದ. ಅಮೀನ ಅಂದರೆ ಕೋರ್ಟಿನ ಕಾಗದ ಮನೆಮನೆಗೆ ತಲುಪಿಸುವವನು. ಟ್ಯಾಂಕಿನ ಹಿಂದೆ ಕೂತದ್ದರಿಂದ ಅವನ ಕೇಸೇನೂ ನಿಲ್ಲಲಿಲ್ಲ.

ಸೊಸೆ ಅನ್ನಪೂರ್ಣೇಶ್ವರಿ ನಗರದ ಒಬ್ಬ ಹೆಣ್ಣು ವಕೀಲರನ್ನು ಹುಡುಕಿದಳು. ಸೊಸೆಗಿಂತ ಚಿಕ್ಕವಳು. ಆಫೀಸು ಬೇಕರಿಯ ಮೇಲಿತ್ತು, ಮೆಟ್ಟಿಲು ಹತ್ತುವಾಗ ಬನ್ನಿನ ವಾಸನೆ. ಕೋರ್ಟಿನಿಂದ ಹಳೆಯ ಕಡತದ ನಕಲು ತರಿಸಿ ಅವಳು ನನಗೆ ಬಿಡಿಸಿ ಹೇಳಿದಳು.

"ನೋಡಿ ಅಜ್ಜಿ, ಕಾಗದನ ನಿಮ್ಮ ಕೈಗೆ ಕೊಡ್ಬೇಕು. ನೀವಿಲ್ಲ ಅಂದ್ರೆ ಮನೇಲಿರೋ ದೊಡ್ಡವರು ಯಾರಿಗಾದ್ರೂ, ಸೊಸೆಗಾದ್ರೂ ಸರಿ. ಬೇಡ ಅಂದ್ರೆ, ಇಲ್ಲಾ ಎಷ್ಟು ಹುಡುಕಿದ್ರೂ ಸಿಗದೇ ಇದ್ರೆ, ನೀವು ವಾಸ ಇರೋ ಮನೆ ಹೊರಬಾಗಿಲಿಗೆ ಅಂಟಿಸ್ಬಹುದು. ಅದೂ ಕೊಟ್ಟ ಹಾಗೇನೇ ಲೆಕ್ಕ."

"ಬೇಡ ಅಂದ್ರೂ ಕೊಟ್ಟಂಗೇನಾ?"

"ಹೂಂ. ಬೇಡ ಅಂದೋರಿಗೆ ಕಾನೂನು ಕಾಯ್ತಾ ಕೂರಲ್ಲ."

ಅದು ನನಗೆ ನ್ಯಾಯವಾಗಿಯೇ ಕಂಡಿತು. ಇಲ್ಲದಿದ್ದರೆ ಎಲ್ಲರೂ ಟ್ಯಾಂಕಿನ ಹಿಂದೆ ಕೂರುತ್ತಾರೆ. ಆದರೆ ನಾನು ಬೇಡ ಅಂದಿರಲಿಲ್ಲವಲ್ಲ. ಅಮೀನನ ವರದಿಯನ್ನು ಅವಳು ಓದಿದಳು: ಪ್ರತಿವಾದಿಯು ಒಳಗಿನಿಂದಲೇ ನಿರಾಕರಿಸಿದರು, ಮುಂಬಾಗಿಲಿಗೆ ಅಂಟಿಸಲಾಯಿತು, ಮನೆ ತೋರಿಸಿದವರು ವಾದಿ. ವಾದಿ ಅಂದರೆ ನನ್ನ ಮೈದುನ. ನಿಂತು ಆ ಬಾಗಿಲನ್ನು ಮುಚ್ಚಿಸಿದವನೇ ಅದನ್ನು ಮುಂಬಾಗಿಲು ಅಂತ ತೋರಿಸಿದ್ದ. ಕಾಗದ ಕೊಡುವಾಗ ದಕ್ಷಿಣದ ಬಾಗಿಲು, ಅಳತೆ ಹಿಡಿಯುವಾಗ ನೇರ ಪೂರ್ವದ ಬಾಗಿಲು!

ಡಿಕ್ರಿ ರದ್ದು ಮಾಡಿ, ನಮ್ಮ ಮಾತು ಕೇಳಿ ಅಂತ ಅರ್ಜಿ ಹಾಕಿದೆವು. ಸೊಸೆ ಬಾಗಿಲಿನ ಒಳಮೈ ಹೊರಮೈ ಫೋಟೋ ತೆಗೆದಳು. ಬೀರು ಸರಿಸಿ ಗೋಡೆ ತೋರಿಸಲು ಮಗನೂ ಕೈಹಾಕಿದ, ಮುಖ ಮಾತ್ರ ಊದಿಸಿಕೊಂಡೇ ಇದ್ದ. ಸಾಕ್ಷಿ ಹೇಳುವ ಹಿಂದಿನ ದಿನ ವಕೀಲೆ ನನಗೆ ಪಾಠ ಮಾಡಿದಳು.

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಅಜ್ಜಿ. ಹೌದು, ಇಲ್ಲ, ಗೊತ್ತಿಲ್ಲ. ಇನ್ನೊಂದು, ಈ ಕೇಸ್ ವಿಷ್ಯ ನಿಮಗೆ ಮೊದ್ಲೇ ಗೊತ್ತಿತ್ತಾ? ಯಾರಾದ್ರೂ ಬಾಯಲ್ಲಿ ಹೇಳಿದ್ರಾ? ಗೊತ್ತಿದ್ದೂ ಬರ್ಲಿಲ್ಲ ಅಂತಾದ್ರೆ ಬಾಗಿಲು ಯಾವುದು ಅನ್ನೋದು ಕೆಲಸಕ್ಕೆ ಬರಲ್ಲ."

ನಾನು ನೆನಪು ಮಾಡಿಕೊಂಡೆ. ನಾಗರಭಾವಿಯ ಛತ್ರದಲ್ಲಿ ಒಂದು ಮದುವೆ, ಊಟದ ಸಾಲಿನಲ್ಲಿ ಮೈದುನ ನನ್ನ ಪಕ್ಕದಲ್ಲೇ ಕೂತಿದ್ದ. ಮನೆಯ ಮಾತು ಬಂತು. ಅವನು ಎಲೆ ಮಡಿಚಿ ಎದ್ದು, "ಕೋರ್ಟಲ್ಲಿ ನೋಡ್ಕೋತೀನಿ ಅತ್ತಿಗೆ," ಅಂದಿದ್ದ. ಇದನ್ನು ಹೇಳಿದಾಗ ವಕೀಲೆಯ ಮುಖ ಸಣ್ಣಗಾಯಿತು.

"ಅದನ್ನ ಅವರು ಕೇಳದೇ ಇದ್ರೆ ನೀವಾಗಿ ಹೇಳ್ಬೇಡಿ."

"ಕೇಳಿದ್ರೆ?"

ಅವಳು ಪೆನ್ನು ತಿರುಗಿಸುತ್ತ ಕೂತಳು. "ಕೇಳಿದ್ರೆ ನಿಜ ಹೇಳಿ. ಬೇರೆ ದಾರಿ ಇಲ್ಲ."

ಮರುದಿನ ಮೆಟ್ರೋದಲ್ಲಿ ಹೋದೆವು, ನಾನು, ಸೊಸೆ, ಮಗ. ಕಟಕಟೆ ಅಂದರೆ ದೊಡ್ಡದಾಗಿ ಏನೋ ಇರುತ್ತದೆ ಅಂದುಕೊಂಡಿದ್ದೆ. ಅದು ನಮ್ಮ ಬಚ್ಚಲಿಗಿಂತ ಚಿಕ್ಕದು. ನಿಂತರೆ ಮೊಣಕಾಲು ನೋಯುತ್ತದೆ ಎಂದು ಹೇಳಿದೆ, ನ್ಯಾಯಾಧೀಶರು ಕುರ್ಚಿ ಹಾಕಿಸಿದರು. ಮೈದುನನ ವಕೀಲ ಎತ್ತರದ ಮನುಷ್ಯ. ಮಾತಾಡುವಾಗ ನನ್ನ ಕಡೆ ನೋಡದೆ ಫ್ಯಾನಿನ ಕಡೆ ನೋಡುತ್ತಿದ್ದ.

"ನಿಮ್ಮ ಮನೆ ನಂಬರಿನ ಬೋರ್ಡು ದಕ್ಷಿಣದ ಬಾಗಿಲ ಮೇಲಿದೆ. ಹೌದಾ?"

"ಹೌದು."

"ಅಂದ್ಮೇಲೆ ಹೊರಗಿನವರಿಗೆ ಅದೇ ಮುಂಬಾಗಿಲು."

"ಹೊರಗಿನೋರಿಗೆ ಇರಬಹುದು ಸ್ವಾಮಿ. ತೋರಿಸಿದವನು ಹೊರಗಿನೋನಲ್ಲ, ನನ್ನ ಮೈದುನ. ಆ ಬಾಗಿಲು ಮುಚ್ಚಿ ಅಂತ ವಾಸ್ತುವಿನೋನನ್ನ ಕರ್ಕೊಂಡು ಬಂದೋನೇ ಅವನು. ಇಟ್ಟಿಗೆ ಇಡುವಾಗ ಮೊದಲನೇ ಇಟ್ಟಿಗೆಗೆ ಕುಂಕುಮ ಹಚ್ಚಿದ್ದೂ ಅವನೇ."

ನನ್ನ ವಕೀಲೆ ಕಣ್ಣಲ್ಲೇ ಸಾಕು ಅಂದಳು. ಆದರೆ ನ್ಯಾಯಾಧೀಶರು ಬರೆದುಕೊಳ್ಳುತ್ತಿದ್ದರು.

"ಹಬ್ಬದ ದಿನ ಆ ಹೊಸ್ತಿಲಿಗೆ ನಿಮ್ಮ ಮನೆಯವರು ಅರಿಶಿನ ಕುಂಕುಮ ಇಡ್ತಾರೆ. ಇಡ್ತಾರೋ ಇಲ್ವೋ?"

"ಸೊಸೆ ಇಡ್ತಾಳೆ. ಯುಗಾದಿಗೆ, ಗೌರಿ ಹಬ್ಬಕ್ಕೆ."

"ಆಗ ಬಾಗಿಲ ಮೇಲಿದ್ದ ಸಮನ್ಸು ಕಣ್ಣಿಗೆ ಬೀಳಲಿಲ್ವಾ?"

"ಆ ಬಾಗಿಲ ಮೇಲೆ ಕೂದಲು ಬೆಳೆಯೋ ಎಣ್ಣೆಯಿಂದ ಹಿಡಿದು ಇಂಗ್ಲಿಷ್ ಕ್ಲಾಸಿನವರೆಗೆ ಎಲ್ಲಾ ಇದೆ ಸ್ವಾಮಿ. ಅಂಟಿಸಿದ್ದನ್ನೆಲ್ಲ ನನಗೇ ಕರೆದಿದಾರೆ ಅಂದ್ಕೊಂಡ್ರೆ ನಾನೀಗ ಲೇಡೀಸ್ ಪಿಜಿಗೆ ಸೇರಿರ್ಬೇಕಿತ್ತು."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ತಲೆಯೆತ್ತಿ ನೋಡಿದ ಮೇಲೆ ನಿಲ್ಲಿಸಿದರು.

"ಅಮೀನರು ಬಾಗಿಲು ಬಡಿದಾಗ ಒಳಗಿನಿಂದ ನೀವೇ ಬೇಡ ಅಂದಿರಿ."

"ಆ ಬಾಗಿಲ ಹಿಂದೆ ಇಟ್ಟಿಗೆ, ಇಟ್ಟಿಗೆ ಹಿಂದೆ ಬೀರು. ಬೀರುವಿನೊಳಗೆ ನನ್ನ ಸೀರೆ ಇವೆ. ಅವು ಮಾತಾಡಲ್ಲ. ಬೇಡ ಅಂದವಳು ಹೊರಗೆ ಇಸ್ತ್ರಿ ಹಾಕೋಳು. ಅವಳು ಎಲ್ಲರಿಗೂ ಹಾಗೇ ಅಂತಾಳೆ."

ವಕೀಲ ಮೊದಲ ಸಲ ಫ್ಯಾನು ಬಿಟ್ಟು ನನ್ನನ್ನು ನೋಡಿದ. ಕಾಗದ ತಿರುವಿದ. ಇನ್ನು ಆ ಪ್ರಶ್ನೆ ಬರುತ್ತದೆ ಅಂತ ನನಗೆ ಗೊತ್ತಾಯಿತು.

"ನಾಗರಭಾವಿಯ ಮದುವೆಯಲ್ಲಿ ವಾದಿ ನಿಮಗೆ ಈ ಕೇಸಿನ ವಿಷಯ ಹೇಳಿದ್ದರು. ಸುಳ್ಳು ಹೇಳಬೇಡಿ."

ವಕೀಲೆ ತಲೆ ತಗ್ಗಿಸಿದಳು. ಮಗ ಎದ್ದು ನಿಂತವನು ಮತ್ತೆ ಕೂತ. ನೆನಪಿಲ್ಲ ಅಂದರೆ ಮುಗಿಯುತ್ತಿತ್ತು. ವಯಸ್ಸಾದವಳು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ನನ್ನ ಮಾತು ಕೇಳಿ ಅಂತ ಅಷ್ಟು ದೂರ ಹೋಗಿ, ಸಿಕ್ಕ ಮೊದಲ ಸಲವೇ ಸುಳ್ಳು ಹೇಳುವುದಾದರೆ ಮನೆಯಲ್ಲೇ ಇರಬಹುದಿತ್ತು.

"ಕೋರ್ಟಲ್ಲಿ ನೋಡ್ಕೋತೀನಿ ಅಂದ. ಹೌದು."

"ಅಂದರೆ ಗೊತ್ತಿತ್ತು!" ಅವನು ನ್ಯಾಯಾಧೀಶರ ಕಡೆಗೆ ತಿರುಗಿದ. "ನೋಟ್ ಮಾಡಿಕೊಳ್ಳಬೇಕು ಸ್ವಾಮಿ."

"ಪೂರ್ತಿ ಕೇಳಿ. ಸಿಟ್ಟು ಬಂದೋರೆಲ್ಲ ಹಾಗೇ ಅಂತಾರೆ. ತೆಂಗಿನ ಗರಿ ಬಿದ್ದು ಕಾರಿನ ಗಾಜು ಒಡೆದ್ರೂ ಅಂತಾರೆ, ನಾಯಿ ಬೊಗಳಿದ್ರೂ ಅಂತಾರೆ. ಕೇಸ್ ಹಾಕಿದೀನಿ ಅನ್ಲಿಲ್ಲ. ಯಾವ ಕೋರ್ಟು, ಯಾವತ್ತು ಬರ್ಬೇಕು, ಅದ್ಯಾವುದೂ ಹೇಳ್ಲಿಲ್ಲ. ಹೇಳಿದ್ರೆ ಅವತ್ತೇ ಛತ್ರದಿಂದ ನೇರ ಬರ್ತಿದ್ದೆ, ರೇಷ್ಮೆ ಸೀರೆಯಲ್ಲೇ."

ನ್ಯಾಯಾಧೀಶರು ಕನ್ನಡಕ ತೆಗೆದು ಕೇಳಿದರು. "ತಾರೀಖು ಹೇಳಿದ್ರಾ ಅಮ್ಮ?"

"ಇಲ್ಲ ಸ್ವಾಮಿ."

"ಆಮೇಲೆ ಯಾವತ್ತಾದ್ರೂ?"

"ಟೇಪು ಹಿಡ್ಕೊಂಡು ಅಡುಗೆಮನೆಗೆ ಬರೋವರೆಗೂ ಇಲ್ಲ."

ಮುಂದೆ ಅಮೀನನನ್ನೂ ಕರೆಸಿದರು. ಸಪ್ಪೆ ಮುಖದ ಮನುಷ್ಯ, ಬಿಸಿಲಲ್ಲಿ ತಿರುಗಿ ಕಪ್ಪಾದವನು. ವಾದಿ ತೋರಿಸಿದರು, ಅಂಟಿಸಿದೆ, ಹೆಂಗಸಿನ ದನಿ ಕೇಳಿಸಿತು ಎಂದ. ಯಾವ ಕಡೆಯಿಂದ ಅಂದದ್ದಕ್ಕೆ ನೆನಪಿಲ್ಲ ಎಂದ. ಮನೆಯ ಪಕ್ಕಕ್ಕೆ ಹೋಗಿ ನೋಡಿದಿರಾ ಎಂದು ನನ್ನ ವಕೀಲೆ ಕೇಳಿದಾಗ ಇಲ್ಲ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ತೋರಿಸಿದ ಬಾಗಿಲಿಗೆ ಅವನು ಅಂಟಿಸಿದ. ಆದರೆ ಪಾಪ ಅಂತ ಬಿಟ್ಟುಕೊಟ್ಟರೆ ನನ್ನ ಒಲೆ ಹೋಗುತ್ತದೆ.

ತೀರ್ಮಾನಕ್ಕೆ ಹಲವು ಸಲ ಅಲೆಯಬೇಕಾಯಿತು. ಒಂದು ಸಲ ನ್ಯಾಯಾಧೀಶರು ರಜೆ, ಇನ್ನೊಂದು ಸಲ ಮೈದುನನ ವಕೀಲನಿಗೆ ಜ್ವರ. ಕೊನೆಗೆ ಒಂದು ಬೆಳಿಗ್ಗೆ ಆಜ್ಞೆ ಓದಿದರು. ಸಮನ್ಸು ಸರಿಯಾಗಿ ಜಾರಿಯಾಗಿಲ್ಲ, ವಾಸದ ಮನೆಯ ಬಾಗಿಲಿಗೆ ಅಂಟಿಸಿದಂತಾಗಲಿಲ್ಲ, ತಾರೀಖು ಗೊತ್ತಿತ್ತು ಅನ್ನುವುದೂ ರುಜುವಾತಾಗಿಲ್ಲ. ಡಿಕ್ರಿ ರದ್ದು. ಕೇಸು ಮೊದಲಿನಿಂದ ನಡೆಯಲಿ. ಪ್ರತಿವಾದಿಗೆ ದಾವೆಯ ಪ್ರತಿ ಕೊಡಿ.

ಮೈದುನನ ವಕೀಲ ಕಾಗದದ ಕಟ್ಟನ್ನು ನನ್ನ ವಕೀಲೆಯ ಕಡೆ ಚಾಚಿದ. ನಾನು ಎದ್ದೆ.

"ಸ್ವಾಮಿ, ನನ್ನ ಕೈಗೇ ಕೊಡ್ಸಿ."

"ವಕೀಲರಿಗೆ ಕೊಟ್ರೂ ನಿಮಗೆ ಕೊಟ್ಟ ಹಾಗೇ ಅಮ್ಮ," ಅಂದರು ನ್ಯಾಯಾಧೀಶರು.

"ಇರ್ಲಿ. ನನಗೆ ಕೊಟ್ಟ ಹಾಗೆ ಅಂತ ಒಂದ್ಸಲ ಆಗಿದೆ. ಈ ಸಲ ಕೊಟ್ಟೇಬಿಡ್ಲಿ."

ಅವರು ನಗಲಿಲ್ಲ. ಕೊಡಿ ಎಂದು ಕೈ ತೋರಿಸಿದರು. ತೆಗೆದುಕೊಂಡೆ, ರುಜು ಮಾಡಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ರುಜು, ಅಕ್ಷರ ಒಂದೊಂದೂ ಬಿಡಿಬಿಡಿ. ಗುಮಾಸ್ತ ಕಾದ.

ಹೊರಗೆ ಮೊಗಸಾಲೆಯಲ್ಲಿ ಮೈದುನ ಎದುರಾದ. ಕಮಿಷನರನ್ನು ಕರೆತಂದ ದಿನದ ಮೆತ್ತನೆಯ ದನಿ ಇರಲಿಲ್ಲ.

"ತಗೊಂಡು ಏನ್ಮಾಡ್ತೀರ ಅತ್ತಿಗೆ? ಎಲ್ಲಾ ಇಂಗ್ಲಿಷಲ್ಲಿದೆ."

"ಓದ್ಸಿ ಕೇಳ್ತೀನಿ ಕಣಪ್ಪ. ಏನ್ ಬರ್ಸಿದೀಯ ಅಂತ ನೀನಾದ್ರೂ ಓದಿದೀಯಾ?"

"ಈ ವಯಸ್ಸಲ್ಲಿ ಕೋರ್ಟ್ ಮೆಟ್ಟಿಲು ಹತ್ತೋದು ಬೇಕಾ ನಿಮಗೆ?"

"ಹತ್ತಿಸಿದೋನು ನೀನು. ಮೊಣಕಾಲು ನಂದು. ನೋವು ನಾನು ನೋಡ್ಕೋತೀನಿ."

ಅವನು ಫೋನು ಕಿವಿಗಿಟ್ಟುಕೊಂಡು ಹೋದ. ಫೋನು ಬಂದಿರಲಿಲ್ಲ.

"ಮನೆಗೆ ಹೋಗಿ ನಿಧಾನಕ್ಕೆ ನೋಡಿದ್ರಾಯ್ತಲ್ಲ ಅಮ್ಮ, ಊಟದ ಹೊತ್ತಾಯ್ತು," ಅಂದ ಮಗ. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಇಷ್ಟು ದಿನ ನನ್ನ ಬೆನ್ನ ಹಿಂದೆ ನನ್ನ ಬಗ್ಗೆ ಏನು ಬರೆದಿದ್ದರು ಅನ್ನುವುದು ತಿಳಿಯದೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ವಕೀಲೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, "ಕನ್ನಡದಲ್ಲಿ ಓದಮ್ಮ, ಒಂದೊಂದೇ ಸಾಲು," ಅಂದೆ. ಹೆಸರು, ವಿಳಾಸ, ಮನೆಯ ನಾಲ್ಕು ದಿಕ್ಕಿನ ಚೆಕ್ಕುಬಂದಿ ಎಲ್ಲ ಓದಿದಳು. ಆಮೇಲೆ ಅವಳ ದನಿ ಸ್ವಲ್ಪ ತಗ್ಗಿತು.

"ಅಣ್ಣನ ಹೆಂಡತಿ ಎಂಬ ಕನಿಕರದಿಂದ ವಾದಿಯು ಒಂದನೇ ಪ್ರತಿವಾದಿಯನ್ನು ಸದರಿ ಮನೆಯಲ್ಲಿ ಇರಲು ಬಿಟ್ಟಿರುತ್ತಾರೆ."

"ಒಂದನೇ ಪ್ರತಿವಾದಿ ಯಾರು?"

"ನೀವು ಅಜ್ಜಿ."

"ಕನಿಕರ ಯಾರ್ದು?"

"ನಿಮ್ಮ ಮೈದುನಂದು."

ಸೊಸೆ ನನ್ನ ಭುಜದ ಮೇಲೆ ಕೈಯಿಟ್ಟಳು. ನಾನು ಅಳುತ್ತೇನೆ ಅಂದುಕೊಂಡಳೋ ಏನೋ. ಮನೆ ಕಟ್ಟುವಾಗ ಬಸುರಿಯಾಗಿದ್ದೆ. ಬೀದಿ ಕೊನೆಯ ನಲ್ಲಿಯಿಂದ ಬಿಂದಿಗೆ ಹೊತ್ತು ತಂದು ಬೆಳಿಗ್ಗೆ ಸಾಯಂಕಾಲ ಹಸಿ ಗೋಡೆಗೆ ನೀರು ಹಾಕಿದವಳು ನಾನು. ಆಗ ಈ ಕನಿಕರದವನು ಹೈಸ್ಕೂಲಿನಲ್ಲಿ ಫೇಲಾಗಿ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ.

"ಬರ್ಕೋ," ಅಂದೆ. "ಇದು ಸುಳ್ಳು ಅಂತ ಮೊದಲು ಬರಿ. ನೀರು ಹೊತ್ತೋಳು ನಾನು, ಉಂಡೋನು ಅವನು ಅಂತ ಬರಿ."

"ಅಜ್ಜಿ, ಕೋರ್ಟಿಗೆ ಆ ಥರ ಬರೆಯೋಕಾಗಲ್ಲ."

"ಕೋರ್ಟಿಗೆ ಯಾವ ಥರ ಬರೀಬೇಕೋ ಆ ಥರ ಬರಿ. ನಾನು ಹೇಳಿದ್ದು ಮಾತ್ರ ಅದರೊಳಗೆ ಇರ್ಬೇಕು. ಬರೆದಾದ ಮೇಲೆ ನನಗೆ ಓದಿ ಹೇಳ್ಬೇಕು."

ಅವಳು ಪೆನ್ನಿನ ಮುಚ್ಚಳ ತೆಗೆದು, ಕಾಗದದ ಅಂಚಿನಲ್ಲಿ ಕನ್ನಡದಲ್ಲೇ ಸುಳ್ಳು ಅಂತ ಬರೆದುಕೊಂಡಳು. ಊಟ ತರುತ್ತೇನೆ ಎಂದು ಮಗ ಎದ್ದು ಹೋದ. ಇಷ್ಟಕ್ಕೆ ಮುಗಿಯುವುದಿಲ್ಲ ಅಂತ ಅವನಿಗೂ ಗೊತ್ತಾಗಿತ್ತು.

"ಹೂಂ," ಅಂದೆ. "ಮುಂದಿನ ಸಾಲು ಓದು."